ಎಫ್ರೆನ್ ಪಕ್ಷ

ಆಫೀಸಿನ ಪೂಲ್ ಟೇಬಲ್ ಹತ್ರ ನಮ್ಮದು ದಿನಾ ಇದೇ ಜಗಳ. ಹುಡುಗರಿಗೆ 2019, 2024ರ ನೈನ್-ಬಾಲ್ ವಿಶ್ವ ಚಾಂಪಿಯನ್ ಫೆಡೋರ್ ಗೋರ್ಸ್ಟೇ ದೇವರು. ನಾನು 1999ರ ಚಾಂಪಿಯನ್, ಫಿಲಿಪೀನ್ಸಿನ ಎಫ್ರೆನ್ ರೇಯಸ್ ಪಕ್ಷ.

ಬ್ರೇಕ್ ಹೊಡೆಯೋದ್ರಲ್ಲಿ ಈಗಿನವರೇ ಮುಂದು, ಒಪ್ಪಿದೆ. ಆದ್ರೆ ದಾರಿಗೆ ಚೆಂಡು ಅಡ್ಡ ಬಂದ್ರೆ ಇವರು ಗಿಡ್ಡ ಜಂಪ್ ಕ್ಯೂ ತಗೊಂಡು ಹಾರಿಸಿಬಿಡ್ತಾರೆ. ಎಫ್ರೆನ್ ಹೆಸರು ಮಾಡಿದ್ದು ಬಿಳಿ ಚೆಂಡನ್ನ ಕುಶನ್ನಿಗೆ ಬಡಿಸಿ, ಬಳಸಿಕೊಂಡು ತರೋದ್ರಲ್ಲಿ. 1996ರಲ್ಲಿ ಹಾಂಕಾಂಗಿನಲ್ಲಿ ಅರ್ಲ್ ಸ್ಟ್ರಿಕ್‌ಲ್ಯಾಂಡನ್ನ 120-117ರಿಂದ ಸೋಲಿಸಿದ್ದ. ಮೂರು ದಿನದ ಆಟ!

ಚಿಕ್ಕವನಿದ್ದಾಗ ಟೇಬಲ್ ಎಟುಕದೆ ಕೋಕಾಕೋಲಾ ಕ್ರೇಟ್ ಮೇಲೆ ನಿಂತು ಆಡ್ತಿದ್ದನಂತೆ. ಬಿಇ ಸೇರೋವರೆಗೂ ಕೀಬೋರ್ಡ್ ಮುಟ್ಟದ ನನಗೆ ಅವನ ಮೇಲೆ ಪಕ್ಷಪಾತ ಇರೋದು ಸಹಜ ತಾನೇ? ಮೊನ್ನೆ ಹೊಸದಾಗಿ ಸೇರಿದ ಹುಡುಗ ನನ್ನನ್ನೇ ಸೋಲಿಸಿ, “ಈಗೇನಂತೀರಾ ಸಾರ್?” ಅಂದ. ಇನ್ನೊಂದಾಟಕ್ಕೆ ಚೆಂಡು ಜೋಡಿಸು ಅಂದೆ.