ಅಪ್ಪಯ್ಯನಿಗೊಂದು ಆಕಾಶದ ಪ್ರಿಂಟ್

ಕಳೆದ ಜೂನ್‌ನಲ್ಲಿ ನಾನೊಂದು ತಪ್ಪು ಸುದ್ದಿ ಬರೆದೆ. ಯಾರ ಮಾನವೂ ಹೋಗಲಿಲ್ಲ, ಯಾರೂ ಫೋನ್ ಮಾಡಿ ಬೈಯಲಿಲ್ಲ. ಆರ್ದ್ರೆ ಮಳೆ ಶುರುವಾದ ದಿನ ನಾಲ್ಕು ಸಾಲಿನ ಮಳೆ ಸುದ್ದಿ ಕಳಿಸುವಾಗ, ಓದಲು ಚೆನ್ನಾಗಿರಲಿ ಎಂದು, ‘ಮೋಡ ಸರಿದರೆ ರಾತ್ರಿ ಆರ್ದ್ರಾ ನಕ್ಷತ್ರವನ್ನೂ ನೋಡಬಹುದು’ ಎಂದು ಸೇರಿಸಿದ್ದೆ. ಮಾಗೋಡಿನ ಮನೆಯ ಜಗಲಿಯಲ್ಲಿ ಪೇಪರನ್ನು ಮೂಗಿಗೆ ತಾಗಿಸಿಕೊಂಡು ಓದುತ್ತಿದ್ದ ಅಪ್ಪಯ್ಯ ಆ ಸಾಲಿಗೆ ಬಂದು ನಿಂತ.

“ತಮಾ, ಆರ್ದ್ರೆ ಮಳೇಲಿ ಆರ್ದ್ರೆ ಕಾಣ್ತನಾ? ಅದು ಸೂರ್ಯನ ಬುಡದಲ್ಲಿರ್ತು.”

ಅಪ್ಪಯ್ಯ ಹೇಳಿದ್ದೇ ಸರಿ. ನಮ್ಮ ಮಳೆಗಳ ಹೆಸರು ಸೂರ್ಯನ ಲೆಕ್ಕದ್ದು. 27 ನಕ್ಷತ್ರಗಳಲ್ಲಿ ಒಂದೊಂದರಲ್ಲೂ ಸೂರ್ಯ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಜೂನ್ 22ರ ಹೊತ್ತಿಗೆ ಅವನು ಆರ್ದ್ರೆಗೆ ಬರುತ್ತಾನೆ. ಅಂದರೆ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ, ಹಗಲಿಡೀ ಆಕಾಶದಲ್ಲಿದ್ದು, ಹೆಚ್ಚುಕಡಿಮೆ ಅವನ ಜೊತೆಗೇ ಮುಳುಗುತ್ತದೆ. ಮೋಡ ಸರಿದರೂ ಕಾಣದು. ಡಿಪ್ಲೊಮಾ ಮಾಡಿದ ನನಗೆ ಇದು ಗೊತ್ತಿರಲಿಲ್ಲ.

ಅಪ್ಪಯ್ಯನ ಒಂದು ಕಣ್ಣಿಗೆ ಪೊರೆ ಆಪರೇಶನ್ ಆಗಿದೆ, ಇನ್ನೊಂದು ಮಂಜು. ಹಿಂದೆ ಅಡಿಕೆ ಬೇಯಿಸುವ ರಾತ್ರಿಗಳಲ್ಲಿ ಕೃತ್ತಿಕೆ ಎಲ್ಲಿಗೆ ಬಂತು ಎಂದು ನೋಡಿ ಹೊತ್ತು ಹೇಳುತ್ತಿದ್ದವ ಅವನು. “ಚಳಿಗಾಲದಲ್ಲಿ ಒಂದು ಸಲ ಎಲ್ಲ ನೋಡ್ಕ್ಯಂಬನ, ಕಣ್ಣು ಪೂರ್ತಿ ಹೋಗೂದ್ರೊಳಗೆ” ಅಂದ. ಮೊಬೈಲಿನ ಆ್ಯಪ್ ತೋರಿಸಿದೆ. ಆ ಬೆಳಕು ಕಣ್ಣಿಗೆ ಹೊಡೆದ ಮೇಲೆ ಅವನಿಗೆ ತುಂಬ ಹೊತ್ತು ಏನೂ ಕಾಣಲಿಲ್ಲ. ಕಾಗದದ ಮೇಲೇ ಆಗಬೇಕು ಎಂದಾಯಿತು.

ಲ್ಯಾಪ್‌ಟಾಪ್‌ಗೆ ಸ್ಟೆಲ್ಲೇರಿಯಂ ಹಾಕಿಕೊಂಡೆ. ಫ್ರಾನ್ಸಿನ ಫೇಬಿಯನ್ ಶೆರೋ ಎಂಬವರು ಶುರುಮಾಡಿದ ತಾರಾಲಯ ತಂತ್ರಾಂಶ ಅದು. ದುಡ್ಡು ಕೊಡಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕೂ ಬೇಡ. ನಮ್ಮೂರಿಗೆ ಅದೇ ದೊಡ್ಡ ಅನುಕೂಲ. ಡಿಸೆಂಬರ್ ಕೊನೆಯ ರಾತ್ರಿ 10 ಗಂಟೆ ಎಂದು ಇಟ್ಟು, ಪರದೆಯಲ್ಲಿ ಕಂಡದ್ದನ್ನು ಹಾಗೇ ಯಲ್ಲಾಪುರಕ್ಕೆ ಒಯ್ದು ಪ್ರಿಂಟ್ ಹಾಕಿಸಿದೆ. ಬಂದದ್ದು ಮಸಿ ಬಳಿದ ಹಾಳೆ. ಅಂಗಡಿಯವರು ಟೋನರಿನ ಕಡೆ ನೋಡಿದರು, ನಾನು ನೆಲದ ಕಡೆ ನೋಡಿದೆ.

ಎರಡನೇ ಸಲ ಎಫ್2 ಒತ್ತಿದಾಗ ಬರುವ ಸೆಟ್ಟಿಂಗ್‌ನಲ್ಲಿ ಸ್ಕ್ರೀನ್‌ಶಾಟ್‌ನ ಬಣ್ಣ ತಿರುವುಮುರುವು ಮಾಡುವ ಆಯ್ಕೆಗೆ ಟಿಕ್ ಹಾಕಿದೆ. ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕೆಗಳ ಚಿತ್ರ ಸಿಕ್ಕಿತು. ಖುಷಿಯಿಂದ ಮನೆಗೆ ತಂದೆ. ಅಪ್ಪಯ್ಯ ಬಿಸಿಲಿಗೆ ಹಿಡಿದು ನೋಡಿ, “ಇದು ನಮ್ಮೂರಿನ ಆಕಾಶ ಅಲ್ದೋ. ಧ್ರುವ ಇಷ್ಟು ಎತ್ತರ ಬತ್ತಿಲ್ಲೆ” ಅಂದ.

ಊರು ಯಾವುದೆಂದು ನಾನು ನೋಡಿಯೇ ಇರಲಿಲ್ಲ. ನೆಟ್ ಇಲ್ಲದ್ದರಿಂದ ಅದು ತನ್ನ ಪಾಡಿಗೆ ಪ್ಯಾರಿಸ್ ಇಟ್ಟುಕೊಂಡಿತ್ತು! ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತದೋ ಅದೇ ಊರಿನ ಅಕ್ಷಾಂಶ. ಪ್ಯಾರಿಸ್‌ನಲ್ಲಿ ಸುಮಾರು 49 ಡಿಗ್ರಿ, ಮಾಗೋಡಿನಲ್ಲಿ ಸುಮಾರು 15. ಕೈ ಚಾಚಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಹಾಗಾಗಿ ನಮಗೆ ಧ್ರುವ ಒಂದೂವರೆ ಮುಷ್ಟಿ ಎತ್ತರ. ಸುದ್ದಿ ಬರೆಯುವವರು ಮೊದಲು ಬರೆಯುವುದೇ ಊರು ಮತ್ತು ದಿನಾಂಕ. ನಕ್ಷೆಗೂ ಅದೇ ಮೊದಲು. ಎಫ್6ರಲ್ಲಿ ಊರು, ಎಫ್5ರಲ್ಲಿ ದಿನ ಮತ್ತು ಹೊತ್ತು.

ಮೂರನೇ ಸಲ ಎಲ್ಲವನ್ನೂ ಸಾವಕಾಶ ಮಾಡಿದೆ. ನೀವೂ ಮಾಡುವುದಾದರೆ ಹೀಗೆ. ಎಫ್4 ಒತ್ತಿ, ಪ್ರೊಜೆಕ್ಷನ್‌ನಲ್ಲಿ ಫಿಶ್-ಐ ಆರಿಸಿ, ನೋಟವನ್ನು ನೆತ್ತಿಗೆ ತಿರುಗಿಸಿ, 180 ಡಿಗ್ರಿಗೆ ಹಿಗ್ಗಿಸಿ. ದಿಗಂತದಿಂದ ದಿಗಂತದವರೆಗೆ ಇಡೀ ಆಕಾಶ ಒಂದು ತಟ್ಟೆಯಷ್ಟು ವೃತ್ತದಲ್ಲಿ ಕೂರುತ್ತದೆ. ಅದೇ ಎಫ್4ರಲ್ಲಿ ನಕ್ಷತ್ರಗಳ ಕಾಂತಿಮಾನಕ್ಕೆ ಮಿತಿ ಹಾಕಿ. 4.5 ಇಟ್ಟರೆ ಬರಿಗಣ್ಣಿಗೆ ಸುಲಭವಾಗಿ ಕಾಣುವವು ಮಾತ್ರ ಉಳಿಯುತ್ತವೆ. ಅಪ್ಪಯ್ಯನಿಗಾಗಿ 3.5 ಇಟ್ಟು, ಚುಕ್ಕೆಯ ಗಾತ್ರ ಹೆಚ್ಚಿಸಿದೆ. ಸಿ ಒತ್ತಿದರೆ ನಕ್ಷತ್ರಪುಂಜದ ಗೆರೆ, ಕ್ಯೂ ಒತ್ತಿದರೆ ದಿಕ್ಕು. ಹೆಸರುಗಳನ್ನು ನಾನೇ ದಪ್ಪ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದೆ: ಕೃತ್ತಿಕೆ, ರೋಹಿಣಿ, ಮೃಗಶಿರ, ಆರ್ದ್ರೆ.

“ಪೂರ್ವ ಎಡಕ್ಕೆ ಬಂಜಲೋ?” ಎಂದು ಮತ್ತೆ ತಕರಾರು. ಈ ಸಲ ತಪ್ಪು ನನ್ನದಾಗಿರಲಿಲ್ಲ. ನೆಲದ ನಕ್ಷೆಯನ್ನು ಮೇಲಿಂದ ನೋಡುತ್ತೇವೆ, ಆಕಾಶದ್ದನ್ನು ಕೆಳಗಿಂದ. ಹಾಳೆಯನ್ನು ತಲೆಯ ಮೇಲೆ ಎತ್ತಿ, ಉತ್ತರವನ್ನು ಉತ್ತರಕ್ಕೆ ಹಿಡಿದು ನೋಡಿದರೆ ಪೂರ್ವ ಪೂರ್ವಕ್ಕೇ ಬರುತ್ತದೆ. ಹಿಡಿದು ನೋಡಿದ. ಸುಮ್ಮನಾದ.

ಡಿಸೆಂಬರ್‌ನಲ್ಲಿ ಅಂಗಳದ ತುಂಬ ಅಡಿಕೆ ಅಟ್ಟ, ತೋಟದಿಂದ ನೋಡಿದರೆ ಸುತ್ತ ಗುಡ್ಡ. ಹಾಗಾಗಿ ರಾತ್ರಿ ಹತ್ತಕ್ಕೆ ಅಪ್ಪಯ್ಯನ ಕೈ ಹಿಡಿದು ಮನೆ ಮೇಲಿನ ಬೇಣಕ್ಕೆ ಹೋದೆವು. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಕಟ್ಟಿದ್ದೆ, ಕೆಂಪು ಬೆಳಕು ಕಣ್ಣನ್ನು ಅಷ್ಟು ಕುಕ್ಕುವುದಿಲ್ಲ. ನೆತ್ತಿಯ ಹತ್ತಿರ ಕೃತ್ತಿಕೆ. ಅವನಿಗೆ ಕಾಣಲಿಲ್ಲ. “ಹೊಗೆ ಹಾಂಗೆ ಎಂತೋ ಇದ್ದು” ಅಂದ. ರೋಹಿಣಿ ಕಂಡಿತು. ಅದರಿಂದ ಪೂರ್ವಕ್ಕೆ ಇಳಿಯುತ್ತ ಬಂದು, ಕೆಂಪಗಿದ್ದ ಒಂದಕ್ಕೆ ತಾನೇ ಬೆರಳು ತೋರಿಸಿದ. ಹಾಳೆಯಲ್ಲೂ ಬೆರಳು ಅಲ್ಲೇ ಇತ್ತು. “ಆರ್ದ್ರೆ” ಅಂದ. ಆಮೇಲೆ ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ. ಜೂನ್‌ನಲ್ಲಿ ಮಳೆಗೆ ಹೆಸರು ಕೊಟ್ಟು ಹಗಲಲ್ಲಿ ಅಡಗಿದ್ದದ್ದು, ಕೊನೆಕೊಯ್ಲಿನ ಕಾಲಕ್ಕೆ ರಾತ್ರಿಯಿಡೀ ನಮ್ಮ ತೋಟದ ಮೇಲಿರುತ್ತದೆ.

ಮರುದಿನ ಇನ್ನೊಂದು ನಕ್ಷೆ ಮಾಡಿದೆ. ಜೂನ್ 22, ಮಧ್ಯಾಹ್ನ 12.30. ಎ ಒತ್ತಿ ವಾತಾವರಣ ತೆಗೆದರೆ ಹಗಲಲ್ಲೂ ನಕ್ಷತ್ರ ಕಾಣುತ್ತವೆ. ತಿರುವಿದ ಬಣ್ಣದಲ್ಲಿ ಸೂರ್ಯ ಒಂದು ದೊಡ್ಡ ಕಪ್ಪು ಬೊಟ್ಟು, ಅದರ ದಕ್ಷಿಣಕ್ಕೆ ಒಂದೂವರೆ ಮುಷ್ಟಿ ದೂರದಲ್ಲಿ ಆರ್ದ್ರೆ. ಈಗ ಎರಡೂ ಹಾಳೆ ಜಗಲಿಯ ಗೋಡೆಯ ಮೇಲಿವೆ.

ಆ ಸುದ್ದಿಗೆ ನಾನು ತಿದ್ದುಪಡಿ ಕಳಿಸಿರಲಿಲ್ಲ, ಸಣ್ಣ ವಿಷಯ ಎಂದು ಬಿಟ್ಟಿದ್ದೆ. ಈಗ ಇಲ್ಲಿ ಬರೆಯುತ್ತಿದ್ದೇನೆ: ಆರ್ದ್ರೆ ಮಳೆಯಲ್ಲಿ ಆರ್ದ್ರೆ ಕಾಣುವುದಿಲ್ಲ. ಅಪ್ಪಯ್ಯ ಹೇಳಿದ್ದು ಸರಿ.