ಗುರುತಿನ ಬಿಲ್ಲೆಯೂ ಕೂಟಲೇಖವೂ

ಯುದ್ಧಕಾಲದಲ್ಲಿ ಸಿಪಾಯಿಗಳು ಕೊರಳಿಗೆ ಕಟ್ಟಿಕೊಳ್ಳುತ್ತಿದ್ದ ಗುರುತಿನ ಬಿಲ್ಲೆಗಳನ್ನು ಕೂಡಿಹಾಕುವುದು, ಪಾಠಶಾಲೆಯಲ್ಲಿ ಸಂಸ್ಕೃತವನ್ನೋದಿದ ಮೇಷ್ಟರಿಗೆ ತಕ್ಕ ಹವ್ಯಾಸವೇ ಎಂದು ನಮ್ಮ ದೇವರಾಜ ಅರಸು ಬಡಾವಣೆಯ ಮಿತ್ರರು ಹಾಸ್ಯಮಾಡುವುದುಂಟು. ತಕ್ಕುದೇ ಎಂದು ನನ್ನ ಉತ್ತರ. ಶಕುಂತಲೆಯ ಬೆರಳಿನಿಂದ ಜಾರಿದ ಉಂಗುರವೂ, ಆಂಜನೇಯನು ಲಂಕೆಗೆ ಕೊಂಡೊಯ್ದ ಮುದ್ರಿಕೆಯೂ ಅಭಿಜ್ಞಾನಗಳಲ್ಲದೆ ಮತ್ತೇನು? ಮುದ್ರಾರಾಕ್ಷಸವನ್ನು ಓದಿದವರಿಗಂತೂ ಇನ್ನೊಂದು ಸಂಗತಿಯು ತಿಳಿದಿರುವುದು. ಅಲ್ಲಿ ರಾಕ್ಷಸನ ಉಂಗುರವು ನಿಜವಾದುದೇ. ಅದರಿಂದ ಮುದ್ರೆಯೊತ್ತಿದ ಲೇಖವು ಮಾತ್ರ ಕೃತ್ರಿಮ. ಬಿಲ್ಲೆಗಳ ವ್ಯಾಪಾರದಲ್ಲಿ ಕಂಡುಹಿಡಿಯಲು ಅತಿ ಕಠಿನವಾದ ಮೋಸವೂ ಈ ಜಾತಿಯದೇ.

ಬ್ರಿಟಿಷ್ ಸೇನೆಯಲ್ಲಿ 1907ರಲ್ಲಿ ಅಲ್ಯುಮಿನಿಯಂ ಬಿಲ್ಲೆಯು ಬಂದಿತು. 1914ರಲ್ಲಿ ಅದರ ಸ್ಥಾನಕ್ಕೆ ಒತ್ತಿ ಗಟ್ಟಿಮಾಡಿದ ನಾರಿನ ಕೆಂಪು ಬಿಲ್ಲೆಯು ಬಂದಿತು. ಒಂದೇ ಬಿಲ್ಲೆಯಿದ್ದಾಗ, ಸತ್ತವನ ಕೊರಳಿನಿಂದ ಅದನ್ನು ದಫ್ತರಕ್ಕೆ ತೆಗೆದುಕೊಂಡೊಡನೆ ಶವವು ಅನಾಮಧೇಯವಾಗುತ್ತಿತ್ತು. ಆದುದರಿಂದ 1916ರಲ್ಲಿ ಎರಡನ್ನು ಕೊಡುವ ಏರ್ಪಾಡಾಯಿತು. ಎಂಟು ಮೂಲೆಯ ಹಸಿರಿನದು ಶವದೊಡನೆ ಉಳಿಯತಕ್ಕದ್ದು. ದುಂಡಗಿನ ಕೆಂಪಿನದು ದಫ್ತರಕ್ಕೆ ಹೋಗತಕ್ಕದ್ದು. ಜರ್ಮನರದು ನಡುವೆ ಮುರಿಯಲು ಸೀಳುಗಳಿದ್ದ ಅಂಡಾಕಾರದ ಲೋಹದ ಬಿಲ್ಲೆ. ಎರಡು ಅರ್ಧಗಳಲ್ಲಿಯೂ ಒಂದೇ ಬರೆಹ. ಎರಡನೆಯ ಮಹಾಯುದ್ಧದ ಅಮೆರಿಕದ ಬಿಲ್ಲೆಯ ತುದಿಯಲ್ಲಿ ಒಂದು ಕಚ್ಚು ಇರುವುದು. ಅದನ್ನು ಸತ್ತವನ ಹಲ್ಲುಗಳ ನಡುವೆ ಸಿಕ್ಕಿಸುತ್ತಿದ್ದರೆಂದು ಮಾರುವವರು ಕಣ್ಣರಳಿಸಿ ಹೇಳುವರು. ಅದು ಬರಿಯ ಕಟ್ಟುಕಥೆ. ಅಕ್ಷರವೊತ್ತುವ ಯಂತ್ರದಲ್ಲಿ ಬಿಲ್ಲೆಯು ಅಲುಗದೆ ನಿಲ್ಲಲೆಂದು ಆ ಕಚ್ಚು.

ಅಸಲು ನಕಲುಗಳ ಪರೀಕ್ಷೆಯನ್ನು ನನಗೆ ಕಲಿಸಿದವರು ಪುಸ್ತಕ ಬರೆದವರಲ್ಲ. ಹರಿಹರದ ಕಾರ್ಖಾನೆಯಲ್ಲಿ ಲೇತಿನ ಮುಂದೆ ಆಯುಷ್ಯವನ್ನು ಸವೆಸಿದ ಒಬ್ಬ ಹಿರಿಯರು. ಪಂಚಿನಿಂದ ಹೊಡೆದ ಅಕ್ಷರದ ಸುತ್ತ ಲೋಹವು ಕೂದಲೆಳೆಯಷ್ಟು ಏರಿ ಕಟ್ಟುವುದೆಂದೂ, ಕೊರಳಲ್ಲಿ ವರ್ಷಗಟ್ಟಲೆ ಇದ್ದ ಬಿಲ್ಲೆಯಲ್ಲಿ ಆ ಏರಿಯು ಸವೆದು ನುಣುಪಾಗುವುದೆಂದೂ ಅವರು ತೋರಿಸಿಕೊಟ್ಟರು. ಭೂತಗನ್ನಡಿಯಲ್ಲಿ ನೋಡಿದರೆ ಹಳೆಯ ಅಕ್ಷರದ ತಳದಲ್ಲಿ ಬಯಲಿನಲ್ಲಿರುವಂತೆಯೇ ಕಿಲುಬು ಕೂತಿರುವುದು. ಹಳೆಯ ಖಾಲಿ ಬಿಲ್ಲೆಯ ಮೇಲೆ ಹೊಸದಾಗಿ ಹೆಸರನ್ನು ಒತ್ತಿದ್ದರೆ ತಳವು ಹೊಳೆಯುವುದು, ಇಲ್ಲವೆ ಬಣ್ಣ ಬಳಿದಂತೆ ಎಲ್ಲೆಡೆಯೂ ಒಂದೇ ಸಮನಾಗಿ ಕಪ್ಪಾಗಿರುವುದು. ದಾರದ ತೂತನ್ನೂ ಬಿಡಬಾರದು. ಬಹುಕಾಲ ತೂಗಾಡಿದುದರ ತೂತು ಮೇಲಂಚಿನ ಕಡೆಗೆ ಹೆಚ್ಚು ಸವೆದಿರುವುದು. ಆಮ್ಲದಲ್ಲಿ ಅದ್ದಿ ಮುದಿಮಾಡಿದುದರ ತೂತು ಸುತ್ತಲೂ ಸಮವಾಗಿರುವುದು. ಹೆಸರನ್ನು ಮಾತ್ರ ಕಡೆಗೆ ಓದಬೇಕು. ಮೊದಲೇ ಓದಿದರೆ ಮನಸ್ಸು ಕರಗಿ, ಕಣ್ಣು ಮಂಜಾಗುವುದು.

ನಮ್ಮ ಬೀದಿಯ ವೃದ್ಧೆಯೊಬ್ಬರ ಅಜ್ಜನು ಮೈಸೂರಿನ ಕುದುರೆಪಡೆಯಲ್ಲಿದ್ದನೆಂದು ಅವರ ಮನೆಯ ಮಾತು. ಬೆಂಗಳೂರಿನಲ್ಲಿರುವ ಮೊಮ್ಮಗನು ಮೊಬೈಲಿನಲ್ಲಿ ಹುಡುಕಿ, ಆ ಅಜ್ಜನದೇ ಎಂಬ ಬಿಲ್ಲೆಯೊಂದನ್ನು ಆರು ಸಾವಿರ ರೂಪಾಯಿ ತೆತ್ತು ತರಿಸಿದನು. ಆ ತಾಯಿಯು ಅದನ್ನು ದೇವರ ಗೂಡಿನಲ್ಲಿ ಇಡುವ ಮೊದಲು ನನ್ನ ಬಳಿಗೆ ತಂದು, "ನಮ್ಮಜ್ಜಂದು ಹೌದೋ ಅಲ್ಲೋ ಹೇಳ್ರಿ ಮೇಷ್ಟ್ರೇ" ಎಂದರು. ಉಕ್ಕಿನ ಬಿಲ್ಲೆ, ಅದರ ಮೇಲೆ ಇಂಗ್ಲಿಷಿನಲ್ಲಿ ಹೆಸರು, ಕೆಳಗೆ "ಮೈಸೂರು ಲ್ಯಾನ್ಸರ್ಸ್, ಹೈಫಾ, 1918".

ಜೋಧಪುರದ ಮತ್ತು ಮೈಸೂರಿನ ಲ್ಯಾನ್ಸರುಗಳು ಹೈಫಾ ಪಟ್ಟಣವನ್ನು ಗೆದ್ದುದು 1918ನೆಯ ಸೆಪ್ಟೆಂಬರ್ 23ರಂದು. ಬಿಲ್ಲೆಯನ್ನಾದರೋ ಕಾಳಗಕ್ಕೆ ಮುನ್ನವೇ ಕಟ್ಟಿಕೊಳ್ಳಬೇಕು. ಮುಂದೆ ಯಾವ ಊರಿನಲ್ಲಿ ಕಾದಾಡುವೆನೆಂಬುದನ್ನು ಕೊರಳಲ್ಲಿ ಕೆತ್ತಿಸಿಕೊಂಡು ಹೊರಡುವ ಸಿಪಾಯಿಯುಂಟೆ? ಲೋಹವನ್ನು ಪರೀಕ್ಷಿಸುವ ಅಗತ್ಯವೇ ಬೀಳಲಿಲ್ಲ.

"ಅಲ್ಲ ತಾಯೀ" ಎಂದೆನು. ಅವರ ಮುಖವು ಬಾಡಿತು. ಮನೆಯಲ್ಲಿ ಅಜ್ಜನ ಕಾಲದ ಬೇರೆ ಯಾವ ವಸ್ತುವಾದರೂ ಇದೆಯೇ ಎಂದು ಕೇಳಲು, ಮರುದಿನ ತಗಡಿನ ಟ್ರಂಕಿನಿಂದ ಕಪ್ಪಿಟ್ಟ ಬೆಳ್ಳಿಯ ಪದಕವೊಂದನ್ನು ತಂದರು. ಮಕ್ಕಳು ಆಡಿ ಬಿಸುಟದ್ದಂತೆ. ಒಂದು ಮುಖದಲ್ಲಿ ಐದನೆಯ ಜಾರ್ಜ್ ದೊರೆ. ಇನ್ನೊಂದರಲ್ಲಿ ಕುದುರೆಯೇರಿದ ನಗ್ನ ಪುರುಷ, ಬದಿಯಲ್ಲಿ 1914, 1918 ಎಂಬ ಅಂಕಗಳು. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧಪದಕವದು. ಅದರ ಅಂಚಿನ ಸುತ್ತ ಸಂಖ್ಯೆ, ಹುದ್ದೆ, ಹೆಸರು, ಪಡೆ ಎಲ್ಲವನ್ನೂ ಒತ್ತಿದ್ದರು. ಹೆಸರಿನ ಕಾಗುಣಿತವು ಮಾತ್ರ ದೊರೆಗಳ ಗುಮಾಸ್ತನ ಕಿವಿಗೆ ಬಿದ್ದಂತೆ ವಕ್ರವಾಗಿದ್ದಿತು. ಕೂಟಗಾರನು ಈಗಿನ ಮನೆಯವರು ಬರೆಯುವಂತೆಯೇ ಶುದ್ಧವಾಗಿ ಬರೆದಿದ್ದನು. ಆ ಶುದ್ಧಿಯೂ ನನ್ನ ಸಂಶಯಕ್ಕೆ ಒಂದು ಕಾರಣವಾಗಿದ್ದಿತು.

"ಹಾಗಾದ್ರೆ ಅಜ್ಜ ಹೈಫಾಕ್ಕೆ ಹೋಗಿದ್ದು ನಿಜಾನಾ?" ಎಂದು ಅವರು ಕೇಳಿದರು. ಪಡೆಯಲ್ಲಿದ್ದುದು ನಿಜ, ಕಡಲು ದಾಟಿದ್ದಿರಬಹುದು, ಆ ದಿನ ಆ ಊರಿನಲ್ಲಿದ್ದನೆಂದು ಪದಕವು ಹೇಳದು ಎಂದೆನು. ಅಷ್ಟೇ ಸಾಕೆಂದು, ಪದಕವನ್ನು ಸೆರಗಿನಲ್ಲಿ ಒರೆಸಿಕೊಂಡು ಒಯ್ದರು. ಅದನ್ನು ಹುಣಿಸೇಹಣ್ಣು ಹಾಕಿ ಬೆಳಗಬಾರದೆಂದು ಎರಡೆರಡು ಸಲ ಹೇಳಿ ಕಳುಹಿಸಿದೆನು.

ಮಾರಿದವನು ಹಣವನ್ನು ಹಿಂದಿರುಗಿಸಲಿಲ್ಲ. ಮೊಮ್ಮಗನು ಉಕ್ಕಿನ ಬಿಲ್ಲೆಯನ್ನು ಬಿಸಾಡಲು ಹೊರಟಿದ್ದನು. ನಾನೇ ಬೇಡಿ ಇರಿಸಿಕೊಂಡೆನು. ನನ್ನ ಕಾಲಾನಂತರ ಈ ಪೆಟ್ಟಿಗೆಯು ಯಾರ ಕೈಗೆ ಹೋಗುವುದೋ ತಿಳಿಯದಾದುದರಿಂದ, ಅದರ ಹಿಂಬದಿಗೆ "ಕೂಟ" ಎಂದು ಕೆಂಪು ಮಸಿಯಲ್ಲಿ ಬರೆದ ಚೀಟಿಯನ್ನು ಅಂಟಿಸಿದ್ದೇನೆ.