ಕೆರೆ ಏರಿಯ ಮೇಲೆ ಹನ್ನೆರಡು ಚಿತ್ರ

ಅಕ್ಕನ ಮಗ ಮೊನ್ನೆ ಬಂದವನು ಕಾಫಿ ಲೋಟ ಕೆಳಗಿಡುವ ಮುಂಚೆಯೇ ಕೇಳಿದ: “ಮಾವ, ನಮ್ಮ ಇಲವಾಲದ ಸುತ್ತಿನ ಬಯಲನ್ನು ಕಪ್ಪು-ಬಿಳುಪಿನಲ್ಲಿ ತೆಗೀಬೇಕು. ರೋಲು ಹಾಕುವ ಕ್ಯಾಮೆರಾನೇ ಆಗಬೇಕು. ಯಾವುದು ತಗೊಳ್ಳಲಿ?”

ಮಾರನೇ ದಿನ ಬೆಳಿಗ್ಗೆ ಅವನನ್ನು ಕೆರೆ ಏರಿಯ ಮೇಲೆ ನಿಲ್ಲಿಸಿದೆ. ಮೊದಲು ಕಾಣುವುದನ್ನು ನೋಡಲಿ, ಕ್ಯಾಮೆರಾ ಮಾತು ಆಮೇಲೆ. ನಮ್ಮದು ಚಪ್ಪಟೆ ಸೀಮೆ. ಹವೆ ತಿಳಿಯಾಗಿದ್ದರೆ ದೂರದಲ್ಲಿ ಚಾಮುಂಡಿ ಬೆಟ್ಟದ ಬೆನ್ನು, ಕಾಲಡಿಯಲ್ಲಿ ಕೆಂಪು ಮಣ್ಣು, ಮಿಕ್ಕಿದ್ದೆಲ್ಲ ಆಕಾಶ.

ಕಪ್ಪು-ಬಿಳುಪು ಫಿಲ್ಮು ನೀಲಿಗೆ ಬೇಗ ಒಲಿಯುತ್ತದೆ. ಹಾಗಾಗಿ ಆಕಾಶ ಬೆಳ್ಳಗಾಗಿ, ಮೋಡ ಅದರಲ್ಲೇ ಕರಗಿಹೋಗುತ್ತದೆ. ಕೆಂಪು ಫಿಲ್ಟರ್ ಹಾಕಿದರೆ ಆಕಾಶವೇನೋ ಕಪ್ಪಾಗಿ ಮೋಡ ಎದ್ದು ನಿಲ್ಲುತ್ತದೆ. ಆದರೆ ಒಳಗೆ ಹೋಗುವ ಬೆಳಕು 8ರಲ್ಲಿ 1 ಪಾಲು, ನಮ್ಮ ಮಣ್ಣೋ ಬೂದಿ ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತದೆ. ಈ ಮಣ್ಣಿನ ತೂಕ ಚಿತ್ರದಲ್ಲಿ ಉಳಿಯಬೇಕು. ನನಗೆ ಹಳದಿಯೇ ಸಾಕು.

ಮಣ್ಣೆಂದರೆ ನೆನಪಾಯಿತು. 1957ರ ಸೆಪ್ಟೆಂಬರಿನಲ್ಲಿ ಗ್ರಾಮದಾನದ ಸಮ್ಮೇಳನ ನಡೆದದ್ದು ಇದೇ ಇಲವಾಲದಲ್ಲಿ. ವಿನೋಬಾ ಬಂದಿದ್ದರು, ನೆಹರೂ ಬಂದಿದ್ದರು. ನೆಲ ಯಾರದು ಎಂದು ದೇಶದ ದೊಡ್ಡವರು ಕೂತು ಮಾತಾಡಿದ ಊರಿನಲ್ಲಿ ನೆಲದ ಚಿತ್ರ ತೆಗೆಯುವವನಿಗೆ ಅದು ಗೊತ್ತಿರಬೇಕು.

ಇರಲಿ, ಕ್ಯಾಮೆರಾಕ್ಕೆ ಬರೋಣ. 35 ಎಂ.ಎಂ. ಹಗುರ, ಲೆನ್ಸು ಬದಲಿಸಬಹುದು, ಒಂದು ರೋಲಿಗೆ 36 ಚಿತ್ರ. 120 ರೋಲಿನ ಚೌಕ ನೆಗೆಟಿವ್ ಅದರ ಮೂರೂವರೆ ಪಟ್ಟಿಗೂ ದೊಡ್ಡದು. ಪ್ರಿಂಟು ದೊಡ್ಡದು ಮಾಡಿದರೂ ಹುಲ್ಲುಗರಿಯ ಅಂಚು ಕೆಡುವುದಿಲ್ಲ. ಆದರೆ ನಾನು 120ರ ಕಡೆ ವಾಲುವುದು ಬೇರೆ ಕಾರಣಕ್ಕೆ. ಮಂಜಿನ ಬೆಳಗಿನ ಮಂಕು ಚಿತ್ರವನ್ನು ಡೆವಲಪರಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇಡಬೇಕು. ಉರಿಬಿಸಿಲಿನದನ್ನು ಬೇಗ ತೆಗೆಯಬೇಕು. ಒಂದು ರೋಲಿಗೆ ಒಂದೇ ಹದ. 36ರ ರೋಲಿನಲ್ಲಿ ಮಂಜೂ ಬಿಸಿಲೂ ಮಳೆಮೋಡವೂ ಕಲಸಿಹೋದರೆ ಯಾವುದಕ್ಕೆ ಹದ ಹಿಡಿಯುವುದು? ಹ್ಯಾಸೆಲ್‌ಬ್ಲಾಡಿನಂಥವುಗಳಲ್ಲಿ ಫಿಲ್ಮು ಕೂರುವ ಹಿಂಬದಿಯ ಡಬ್ಬಿಯನ್ನೇ ನಡುವೆ ಬದಲಿಸಬಹುದು, ಮಂಜಿಗೊಂದು, ಬಿಸಿಲಿಗೊಂದು. ಅಷ್ಟು ದುಡ್ಡು ಹುಡುಗನ ಹತ್ತಿರ ಇಲ್ಲ. 4×5 ಇಂಚಿನ ಶೀಟು ಫಿಲ್ಮಿನಲ್ಲಾದರೆ ಪ್ರತಿ ಚಿತ್ರಕ್ಕೂ ಅದರದೇ ಹದ. ಅದರ ಮೇಲೆ ನನಗೆ ಬಹಳ ಆಸೆ. ಆದರೆ ಕಲಿಯುವವನು ಅಲ್ಲಿಂದ ಶುರುಮಾಡುವುದು ಬೇಡ.

ಉಳಿದದ್ದು ನನ್ನ ಎರಡು ಕಣ್ಣಿನ ಯಾಷಿಕಾ-ಮ್ಯಾಟ್. ಲೆನ್ಸು ಬದಲಿಸುವಂತಿಲ್ಲ, ರೋಲಿಗೆ 12 ಚಿತ್ರ. ಒಂದೇ ಬೆಳಕಿನಲ್ಲಿ ಮುಗಿಸಬಹುದಾದಷ್ಟು. ಹಿಂದೆ ಅದಕ್ಕೆ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸಿನ ‘ಇಂದು’ ರೋಲು ಹಾಕುತ್ತಿದ್ದೆ. ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿದರೆ ಸಿಗುವ ಊರಿನಲ್ಲಿ ನಮ್ಮದೇ ಫಿಲ್ಮು ತಯಾರಾಗುತ್ತಿತ್ತು. ಆ ಕಾರ್ಖಾನೆ ಮುಚ್ಚಿದ್ದು ನನಗೆ ಇವತ್ತಿಗೂ ನೋವು. ಈಗ ಇಂಗ್ಲೆಂಡಿನ ಇಲ್ಫರ್ಡ್.

ಕ್ಯಾಮೆರಾವನ್ನು ಅವನ ಕೊರಳಿಗೆ ಹಾಕಿದೆ. ತಲೆ ಬಗ್ಗಿಸಿ ಗಾಜಿನೊಳಗೆ ನೋಡಿದ. ಎಡದ ಹುಣಸೆಮರ ಬಲಕ್ಕೆ ಬಂದಿತ್ತು. ಸುಮಾರು ಹೊತ್ತು ಮಾತೇ ಇಲ್ಲ. ಮಂಜು ಹರಿದು ಬಿಸಿಲು ಬೀಳುವ ಹೊತ್ತಿಗೆ ತೆಗೆದದ್ದು 5.

“ಉಳಿದ 7 ಸಂಜೆಗೆ ಇಟ್ಟುಕೊಳ್ಳಲಾ ಮಾವ?”

“ಬೇಡ ಕಣೋ, ನಾಳೆ ಬೆಳಿಗ್ಗೆ ಇದೇ ಹೊತ್ತಿಗೆ ಬಾ.”